ಜೊತೆಗೂಡಿ ಹಾಡುವ ಜೀವಿ



2008ರಲ್ಲಿ ಜರ್ಮನಿಯ ಹೋಲೆ ಫೆಲ್ಸ್ ಗುಹೆಯಲ್ಲಿ ಒಂದು ಕೊಳಲು ಸಿಕ್ಕಿತು. ರಣಹದ್ದಿನ ರೆಕ್ಕೆಯ ಮೂಳೆಯಿಂದ ಮಾಡಿದ್ದು. ಸುಮಾರು 22 ಸೆಂಟಿಮೀಟರ್ ಉದ್ದ, ಐದು ತೂತು. ತೂತುಗಳ ಪಕ್ಕದಲ್ಲಿ ಸಣ್ಣ ಗೀರುಗಳಿವೆ. ಕೊರೆಯುವ ಮೊದಲು ಅಳತೆ ಹಾಕಿದ ಗುರುತಿರಬಹುದು. ವಯಸ್ಸು 35,000 ವರ್ಷಕ್ಕೂ ಹೆಚ್ಚು.

ಹಿಮಯುಗದ ಚಳಿಯಲ್ಲಿ, ಹೊಟ್ಟೆಗೂ ಬಟ್ಟೆಗೂ ಒದಗದ ವಸ್ತುವಿಗೆ ಅಷ್ಟು ಶ್ರಮ ಏಕೆ? ಸಂಗಾತಿಯನ್ನು ಒಲಿಸಿಕೊಳ್ಳಲು ಸಂಗೀತ ಹುಟ್ಟಿತೆಂದು ಡಾರ್ವಿನ್ 1871ರಲ್ಲಿ ಬರೆದ. ಬೇರೆ ಸಾಮರ್ಥ್ಯಗಳ ಜೊತೆಗೆ ಬಂದ ಬರೀ ಸವಿ ಅದು ಎಂದು ಮನೋವಿಜ್ಞಾನಿ ಸ್ಟೀವನ್ ಪಿಂಕರ್ 1997ರಲ್ಲಿ ವಾದಿಸಿದರು. ನನ್ನ ಮನಸ್ಸು ಒಪ್ಪುವುದು ಮೂರನೆಯ ಮಾತನ್ನು: ತಾಯಿ-ಮಗುವಿನ ನಡುವೆ, ಗುಂಪಿನವರ ನಡುವೆ ನಂಟು ಬೆಸೆಯಲು ಹಾಡು ಬೆಳೆಯಿತು.

ಇದಕ್ಕೆ ಪುಷ್ಟಿ ಕೊಡುವ ಎರಡು ಅಧ್ಯಯನಗಳಿವೆ. ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು ಹಸುಗೂಸುಗಳಿಗೆ ಪರಿಚಯವಿಲ್ಲದ ತುರ್ಕಿ ಭಾಷೆಯ ಹಾಡು ಕೇಳಿಸಿದರು. ಅಳು ಶುರುವಾಗುವ ಮೊದಲು ಮಕ್ಕಳು ಸರಾಸರಿ 9 ನಿಮಿಷ ಸಮಾಧಾನವಾಗಿದ್ದವು. ಮಾತು ಕೇಳಿಸಿದಾಗ ಅದರ ಅರ್ಧದಷ್ಟು ಹೊತ್ತೂ ಇರಲಿಲ್ಲ. ಇಂಗ್ಲೆಂಡಿನಲ್ಲಿ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು ವಯಸ್ಕರ ತರಗತಿಗಳನ್ನು ಗಮನಿಸಿದರು. ಕೆಲವರು ಹಾಡು ಕಲಿಯುತ್ತಿದ್ದರು, ಕೆಲವರು ಕರಕುಶಲ, ಕೆಲವರು ಬರವಣಿಗೆ. ಏಳು ತಿಂಗಳಲ್ಲಿ ಎಲ್ಲ ಗುಂಪುಗಳಲ್ಲೂ ಸಲಿಗೆ ಬೆಳೆದಿತ್ತು. ಆದರೆ ಬೇಗ ಹತ್ತಿರವಾದವರು ಹಾಡುವವರು.

ಕೂಡಿ ಹಾಡಿದರೆ ನಂಟು ಬೆಸೆಯುತ್ತದೆಂದು ನಮ್ಮ ಹೆಣ್ಣುಮಕ್ಕಳು ಮೊದಲಿನಿಂದಲೂ ಬಲ್ಲರು. ರಾಗಿಕಲ್ಲಿನ ಎದುರುಬದುರು ಇಬ್ಬರು ಕೂತು ಒಂದೇ ಗೂಟ ಹಿಡಿದು ಬೀಸುವಾಗ, ಯಾರೆದುರೂ ಆಡಲಾಗದ ಅತ್ತೆಮನೆಯ ಸಂಕಟ ಪದವಾಗಿ ಹೊರಬರುತ್ತಿತ್ತು. ಒಬ್ಬಳು ಎತ್ತಿಕೊಟ್ಟರೆ ಇನ್ನೊಬ್ಬಳು ದನಿಗೂಡಿಸುವಳು. ದುಃಖ ಇದ್ದೇ ಇತ್ತು, ಆದರೆ ಅದನ್ನು ಹೊರಲು ಇಬ್ಬರಿದ್ದರು.

ಸಂಗೀತ ಮನಸ್ಸಿನ ಹೊರೆ ಇಳಿಸುವುದನ್ನು ವೈದ್ಯಲೋಕವೂ ಗಮನಿಸಿದೆ. ಖಿನ್ನತೆಗೆ ಕೊಡುವ ಚಿಕಿತ್ಸೆಯ ಜೊತೆ ಸಂಗೀತ ಚಿಕಿತ್ಸೆಯೂ ಸೇರಿದರೆ ಸ್ವಲ್ಪ ಕಾಲದ ಮಟ್ಟಿಗಾದರೂ ಹೆಚ್ಚು ಗುಣ ಕಾಣುತ್ತದೆಂದು ವೈದ್ಯಕೀಯ ಅಧ್ಯಯನಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2017ರ ಪರಾಮರ್ಶೆ ಹೇಳಿದೆ. ‘ಜೊತೆ’ ಎನ್ನುವುದನ್ನು ಮರೆಯಬಾರದು. ಹಾಡು ಔಷಧಿಗೆ ಬದಲಿಯಲ್ಲ. ನರಳುವವರನ್ನು ವೈದ್ಯರ ಬಳಿ ಕರೆದೊಯ್ಯಲೇಬೇಕು.

ಇಂದು ಸಂಗೀತಕ್ಕೆ ಬರವಿಲ್ಲ, ಕೂಡಿ ಹಾಡುವುದಕ್ಕೆ ಬರ ಬಂದಿದೆ. ವೇದಿಕೆಯ ಮೇಲೆ ಒಬ್ಬರು ಹಾಡುತ್ತಾರೆ, ಉಳಿದವರು ಸುಮ್ಮನೆ ಕೇಳುತ್ತಾರೆ, ಇಲ್ಲವೇ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಒಂಟಿಯಾಗಿ ಕೇಳುತ್ತಾರೆ. ಇಲ್ಲಿ ನೆರೆದಿರುವ ಸಂಘದವರಿಗೆ ನನ್ನದೊಂದು ಕೋರಿಕೆ: ತಿಂಗಳಿಗೊಂದು ಸಂಜೆ ವೇದಿಕೆಯಿಲ್ಲದ ಹಾಡಿನ ಕೂಟ ನಡೆಸಿ. ಶ್ರುತಿ ತಪ್ಪುವವರನ್ನೂ, ಮನೆಯಲ್ಲಿ ಒಬ್ಬರೇ ಇರುವ ಹಿರಿಯರನ್ನೂ ಮೊದಲು ಕರೆಯಿರಿ.