ಕಲೆಗೆ ಸರ್ಕಾರದ ಹಣ: ಕೃಪೆಯೋ, ನಿಯಮವೋ?



ವೀಣೆ ಶೇಷಣ್ಣ, ಮೈಸೂರು ವಾಸುದೇವಾಚಾರ್ಯರಂಥ ವಿದ್ವಾಂಸರನ್ನು ಅರಮನೆ ಪೋಷಿಸಿತು. ಅರಸರ ಕಾಲ ಮುಗಿದ ಮೇಲೆ ಆ ಹೊಣೆ ಸರ್ಕಾರದ್ದಾಯಿತು. ಇದನ್ನು ಬಹುಮಟ್ಟಿಗೆ ಎಲ್ಲರೂ ಒಪ್ಪುತ್ತಾರೆ. ಆದರೆ ಅರಸ ಕೊಡುತ್ತಿದ್ದುದು ತನ್ನ ಮೆಚ್ಚುಗೆಗಾಗಿ. ಸರ್ಕಾರ ಕೊಡುವುದು ಜನರ ತೆರಿಗೆಯ ಹಣ. ಯಾರಿಗೆ, ಎಷ್ಟು, ಯಾವ ಲೆಕ್ಕದಲ್ಲಿ ಎಂದು ಕೇಳಿದಾಗಲೇ ತೊಡಕು ಶುರು.

ಬಂಗಾಳದ ಒಂದು ಪ್ರಸಂಗ ನೋಡಿ. ಸತ್ಯಜಿತ್ ರಾಯ್ 1952ರಲ್ಲಿ 'ಪಥೇರ್ ಪಾಂಚಾಲಿ'ಯ ಚಿತ್ರೀಕರಣ ಆರಂಭಿಸಿದರು. ಹಾಕಲು ಹಣವಿರಲಿಲ್ಲ. ಗ್ರಾಮಾಫೋನ್ ತಟ್ಟೆಗಳನ್ನು ಮಾರಿದರು. ಹೆಂಡತಿಯ ಒಡವೆ ಅಡವಿಗೆ ಹೋಯಿತು. ಆದರೂ ಕೆಲಸ ತಿಂಗಳುಗಟ್ಟಲೆ ನಿಂತಿತು. ಕೊನೆಗೆ ತಾಯಿಯ ಪರಿಚಯದವರ ಮೂಲಕ ವಿಷಯ ಮುಖ್ಯಮಂತ್ರಿ ಬಿಧಾನಚಂದ್ರ ರಾಯ್ ಅವರನ್ನು ತಲುಪಿತು. ಸರ್ಕಾರ ಹಣ ಕೊಟ್ಟಿತು. ಆದರೆ ಲೆಕ್ಕ ಬರೆದದ್ದು ರಸ್ತೆ ಅಭಿವೃದ್ಧಿಯ ಬಾಬ್ತಿನಲ್ಲಿ. ಚಿತ್ರದ ಹೆಸರಿನಲ್ಲಿ ದಾರಿ ಇತ್ತಲ್ಲ! ಕೊನೆಯಲ್ಲಿ ಆ ಬಡ ಕುಟುಂಬ ಊರು ಬಿಡದೆ ಗ್ರಾಮಾಭಿವೃದ್ಧಿ ಯೋಜನೆಗೆ ಸೇರುವಂತೆ ಕಥೆ ಬದಲಾಗಲಿ ಎಂಬ ಸೂಚನೆಯೂ ಬಂತು. ರಾಯ್ ಒಪ್ಪಲಿಲ್ಲ. 1955ರಲ್ಲಿ ಚಿತ್ರ ತೆರೆಕಂಡಿತು. 1956ರಲ್ಲಿ ಕಾನ್ ಉತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಸರ್ಕಾರಕ್ಕೆ ಲಾಭವೇ ಆಯಿತು.

ಇದು ಅದೃಷ್ಟದ ಕಥೆ, ನೀತಿಯ ಕಥೆಯಲ್ಲ. ಮುಖ್ಯಮಂತ್ರಿಯವರೆಗೆ ಪರಿಚಯವಿಲ್ಲದ ಇನ್ನೊಬ್ಬ ಪ್ರತಿಭಾವಂತನ ಗತಿಯೇನು?

ಇದಕ್ಕೆ ಕರ್ನಾಟಕ ಬೇರೆ ಉತ್ತರ ಹುಡುಕಿತು. 1960ರ ದಶಕದ ಉತ್ತರಾರ್ಧದಲ್ಲಿ, ರಾಜ್ಯದಲ್ಲೇ ತಯಾರಾದ ಕನ್ನಡ ಚಿತ್ರಗಳಿಗೆ ಸಹಾಯಧನ ನೀಡುವ ಪದ್ಧತಿ ಬಂತು. ಕಪ್ಪು–ಬಿಳುಪು ಚಿತ್ರಕ್ಕೆ 50 ಸಾವಿರ ರೂಪಾಯಿ, ವರ್ಣಚಿತ್ರಕ್ಕೆ 1 ಲಕ್ಷ. ಶಿಫಾರಸಿನ ಜಾಗದಲ್ಲಿ ನಿಯಮ ಬಂದು ಕೂತಿತು. ಮದರಾಸಿನ ಸ್ಟುಡಿಯೋಗಳನ್ನು ನಂಬಿದ್ದ ಕನ್ನಡ ಚಿತ್ರೋದ್ಯಮ ತವರಿನತ್ತ ಮುಖ ಮಾಡಲು ಇದು ನೆರವಾಯಿತು. ಸಣ್ಣ ಬಂಡವಾಳದ ಚಿತ್ರಕ್ಕೆ ಆ ಮೊತ್ತ ದೊಡ್ಡ ಆಸರೆ. ಮುಂದಿನ ದಶಕದಲ್ಲಿ 'ಸಂಸ್ಕಾರ' (1970), 'ಚೋಮನ ದುಡಿ' (1975), 'ಘಟಶ್ರಾದ್ಧ' (1977) ರಾಷ್ಟ್ರದ ಅತ್ಯುತ್ತಮ ಚಿತ್ರಗಳೆನಿಸಿದವು. ಆ ಕೀರ್ತಿ ಸಹಾಯಧನದ್ದಲ್ಲ, ಕಲಾವಿದರದ್ದು. ಆದರೆ ಹೊಸಬರು ಧೈರ್ಯ ಮಾಡುವ ವಾತಾವರಣ ಬೆಳೆದದ್ದರಲ್ಲಿ ಅದರ ಪಾಲೂ ಇದೆ.

ನಿಯಮಕ್ಕೂ ದೋಷವುಂಟು. ಎಲ್ಲರಿಗೂ ಕೊಟ್ಟರೆ, ಹಣಕ್ಕಾಗಿಯೇ ಚಿತ್ರ ಸುತ್ತುವವರು ಹುಟ್ಟುತ್ತಾರೆ. ಗುಣ ನೋಡಿ ಕೊಡೋಣವೆಂದರೆ ಸಮಿತಿ ಬೇಕು. ಸಮಿತಿ ಬಂದೊಡನೆ ಶಿಫಾರಸು ಹಿತ್ತಿಲ ಬಾಗಿಲಿನಿಂದ ಒಳಗೆ ಬರುತ್ತದೆ. ಅಕಾಡೆಮಿಗಳ ಅಧ್ಯಕ್ಷರನ್ನೂ ಸದಸ್ಯರನ್ನೂ ನೇಮಿಸುವುದು ಸರ್ಕಾರವೇ. ಸರ್ಕಾರ ಬದಲಾದರೆ ಅವರೂ ಬದಲಾಗುವುದು ವಾಡಿಕೆ. ಹೀಗಾದಾಗ ಅಕಾಡೆಮಿಯೂ ಇನ್ನೊಂದು ದರ್ಬಾರಾಗುವ ಅಪಾಯವಿದೆ.

ಇದಕ್ಕೆ ಪೂರ್ಣ ಪರಿಹಾರವಿಲ್ಲದಿರಬಹುದು. ಆದರೆ ಮೂರು ಕೆಲಸ ಸಾಧ್ಯ. ಆಯ್ಕೆಯ ಕಾರಣಗಳನ್ನು ಬಹಿರಂಗವಾಗಿ ಹೇಳುವುದು. ಸಮಿತಿಗೆ ಸರ್ಕಾರದ ಆಯುಸ್ಸಿಗೆ ಅಂಟದ ನಿಶ್ಚಿತ ಅವಧಿ ಕೊಡುವುದು. ಮಂಜೂರಾದ ಹಣವನ್ನು ಸಕಾಲಕ್ಕೆ ತಲುಪಿಸುವುದು. ಹಳ್ಳಿಯ ಮೇಳಕ್ಕೆ ವರ್ಷ ಕಳೆದು ಬರುವ ಅನುದಾನ ಹಳೆಯ ಸಾಲ ತೀರಿಸೀತು, ಹೊಸ ಆಟ ಕಟ್ಟಲಾರದು.

ಹಣ ಕೊಟ್ಟವರಿಗೆ ಲೆಕ್ಕ ಕೇಳುವ ಹಕ್ಕಿದೆ. ಕಥೆಯ ಕೊನೆ ಬದಲಿಸುವ ಹಕ್ಕಿಲ್ಲ.