ಶಾಂದೋರ್ ಎಂಬ ಹೆಸರು

ಹಂಗೇರಿಯವರ ಹೆಸರುಗಳು ನಿಮಗೆ ತೀರ ಪರಕೀಯವೆನಿಸಲಾರವು. ಅಲ್ಲಿಯೂ ಇಟ್ಟ ಹೆಸರು ಬರುವುದು ಕೊನೆಗೆ. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಎಂದು ನಾವು ಊರಿನಿಂದ ಆರಂಭಿಸುವುದಿಲ್ಲವೆ? ಹಾಗೆಯೇ ಕೊರೊಶಿ ಚೋಮಾ ಶಾಂದೋರ್ ಎಂದರೆ ಕೊರೊಶ್ ಊರಿನ, ಚೋಮಾ ಮನೆತನದ ಶಾಂದೋರ್.

ಶಾಂದೋರ್ ಎಂಬುದು ಅಲೆಗ್ಸಾಂಡರ್ ಎಂಬ ಹೆಸರಿನ ಹಂಗೇರಿಯ ರೂಪ. ನಮ್ಮಲ್ಲಿ ಸಿಕಂದರ್ ಆಗಿರುವುದೂ ಅದೇ. ಲೋಕವನ್ನು ಗೆಲ್ಲಹೊರಟವನ ಈ ಹೆಸರನ್ನು ಹಂಗೇರಿಯಲ್ಲಿ ಬೆಳಗಿಸಿದ ಇಬ್ಬರು ಏನನ್ನೂ ಗೆದ್ದವರಲ್ಲ.

1784ರಲ್ಲಿ ಟ್ರಾನ್ಸಿಲ್ವೇನಿಯದಲ್ಲಿ ಹುಟ್ಟಿದ ಚೋಮಾ, ತಮ್ಮ ಜನಾಂಗದ ಮೂಲವನ್ನು ಏಷ್ಯದಲ್ಲಿ ಅರಸಲು 1819ರಲ್ಲಿ ಹೊರಟರು. ನಡೆದೂ ದೋಣಿಯೇರಿಯೂ ಲಡಾಖನ್ನು ಸೇರಿ, ಲಾಮಾಗಳ ಮಠದ ಕೊರೆಯುವ ಚಳಿಯಲ್ಲಿ ಕುಳಿತು ಟಿಬೆಟನ್ ಕಲಿತರು. ಅರಸಿದ ಮೂಲ ಸಿಗಲಿಲ್ಲ. ಆದರೆ ಅವರ ಟಿಬೆಟನ್-ಇಂಗ್ಲಿಷ್ ನಿಘಂಟು 1834ರಲ್ಲಿ ಕಲ್ಕತ್ತೆಯಲ್ಲಿ ಅಚ್ಚಾಗಿ, ಮುಂದಿನ ವಿದ್ವಾಂಸರಿಗೆಲ್ಲ ದಾರಿಯಾಯಿತು. ಲ್ಹಾಸಾಕ್ಕೆ ಹೊರಟವರು 1842ರಲ್ಲಿ ಡಾರ್ಜಿಲಿಂಗಿನಲ್ಲಿ ಜ್ವರದಿಂದ ತೀರಿಕೊಂಡರು.

ಇನ್ನೊಬ್ಬರು ಕವಿ ಪೆತೋಫಿ ಶಾಂದೋರ್. ಪೆತ್ರೋವಿಚ್ ಎಂಬ ಮನೆತನದ ಹೆಸರನ್ನು ಹಂಗೇರಿಯ ನುಡಿಗೆ ಹೊಂದುವಂತೆ ಬದಲಿಸಿಕೊಂಡವರು. ಆಸ್ಟ್ರಿಯದ ಅರಸರ ಆಳ್ವಿಕೆಯಿದ್ದ ಕಾಲ. 1848ರ ಮಾರ್ಚ್ 15ರಂದು ಪೆಸ್ಟ್ ನಗರದಲ್ಲಿ ಇವರ ಸ್ವಾತಂತ್ರ್ಯದ ಹಾಡು ಸರ್ಕಾರದ ಅಪ್ಪಣೆಯಿಲ್ಲದೆಯೇ ಅಚ್ಚಾಯಿತು. ಮರುವರ್ಷ ಜುಲೈ 31ರಂದು ಶೆಗೆಶ್ವಾರ್ ಕಾಳಗದಲ್ಲಿ ಕಣ್ಮರೆಯಾದಾಗ ಅವರಿಗೆ 26 ವರ್ಷ. ದೇಹ ಸಿಗಲೇ ಇಲ್ಲ.

ಒಬ್ಬರಿಗೆ ಸಮಾಧಿಯೇ ಇಲ್ಲ. ಮತ್ತೊಬ್ಬರ ಸಮಾಧಿ ನಮ್ಮ ನೆಲದಲ್ಲಿದೆ. ಎಂದಾದರೂ ಡಾರ್ಜಿಲಿಂಗಿಗೆ ಹೋದರೆ, ಅದರ ಮುಂದೆ ಒಂದು ಗಳಿಗೆ ನಿಂತು ಬನ್ನಿ.