ಕರಾವಳಿಯ ಸೆಕೆಯಲ್ಲಿ ತೊಳೆದ ರೋಲು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಹಳೆಯ ಮನೆಗಳ ಚಾವಡಿಯಲ್ಲಿ ಕಟ್ಟು ಹಾಕಿಸಿ ತೂಗುಹಾಕಿದ ಕಪ್ಪು-ಬಿಳುಪು ಚಿತ್ರಗಳಲ್ಲಿ ಅಜ್ಜನ ರುಮಾಲಿನ ಮಡಿಕೆ, ಅಜ್ಜಿಯ ಮೂಗುಬೊಟ್ಟಿನ ಹೊಳಪು ಇಂದಿಗೂ ಸ್ಪಷ್ಟ. ಫಿಲ್ಮಿನ ಅಗಲ ಅದಕ್ಕೊಂದು ಕಾರಣ. ಕೊಡಾಕ್ ಕಂಪನಿ 1901ರಲ್ಲಿ ತಂದ 120 ರೋಲನ್ನು ಯಾಶಿಕಾ, ರೋಲಿಫ್ಲೆಕ್ಸ್‌ ಕ್ಯಾಮೆರಾಗಳಿಗೆ ಹಾಕಿದರೆ 12 ಚೌಕ ಚಿತ್ರಗಳು. ಒಂದೊಂದೂ ಆಮೇಲಿನ ಪುಟ್ಟ 35 ಮಿ.ಮೀ. ರೀಲಿನ ಚಿತ್ರದ ಮೂರೂವರೆ ಪಟ್ಟು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಹೆಸರಿನಲ್ಲಿ ಇಂಥ ಫಿಲ್ಮನ್ನು ನಮ್ಮಲ್ಲೇ ತಯಾರಿಸಿತು.

ಕ್ಲಿಕ್ಕಿಸುವುದು ಸುಲಭ. ರೋಲು ತೊಳೆಯುವಲ್ಲಿ ಕೈಚಳಕ ಬೇಕು.

ಚಿತ್ರ ಮೂಡಿಸುವ ಡೆವಲಪರ್ ದ್ರಾವಣದ ಡಬ್ಬಿಯ ಮೇಲೆ 20 ಡಿಗ್ರಿ ಎಂದು ಬರೆದಿರುತ್ತದೆ. ಏಪ್ರಿಲಿನ ಕುಂದಾಪುರದಲ್ಲಿ ನೀರೇ ಅದಕ್ಕಿಂತ ಬಿಸಿ! 20 ಡಿಗ್ರಿಯಲ್ಲಿ ಎಂಟು ನಿಮಿಷ ಬೇಡುವ ದ್ರಾವಣ 28 ಡಿಗ್ರಿಯಲ್ಲಿ ಅರ್ಧದಷ್ಟು ಹೊತ್ತಿಗೇ ಕೆಲಸ ಮುಗಿಸುತ್ತದೆ. ಆ ಅವಸರದಲ್ಲಿ ಚಿತ್ರದಲ್ಲಿ ಪಟ್ಟೆ ಮೂಡುವ ಭಯ. ಸಾಲದ್ದಕ್ಕೆ, ಚಿತ್ರವನ್ನು ಹಿಡಿದಿರುವ ಜೆಲಟಿನ್ ಉಬ್ಬಿ ಮೆತ್ತಗಾಗುತ್ತದೆ, ಉಗುರು ತಾಗಿದರೂ ಕಿತ್ತು ಬರುತ್ತದೆ. ಉಪಾಯಗಳಿದ್ದವು: ಮಂಜುಗಡ್ಡೆಯನ್ನು ದ್ರಾವಣಕ್ಕೆ ಹಾಕದೆ ಹೊರಗಿನ ತೊಟ್ಟಿಯಲ್ಲಿ ಇಡುವುದು, ಜೆಲಟಿನ್ ಉಬ್ಬದಂತೆ ಸೋಡಿಯಂ ಸಲ್ಫೇಟ್ ಬೆರೆಸುವುದು, ಚಿತ್ರವನ್ನು ಸ್ಥಿರಗೊಳಿಸುವ ಹೈಪೋದ ಜೊತೆಗೆ ಪಟಿಕ ಸೇರಿಸಿ ಪದರವನ್ನು ಗಟ್ಟಿಮಾಡುವುದು. ಇಷ್ಟೆಲ್ಲ ಆಗುವುದು ಕಗ್ಗತ್ತಲಲ್ಲಿ, ಇಲ್ಲವೆ ಮುಚ್ಚಿದ ಟ್ಯಾಂಕಿನೊಳಗೆ. ಸಿನಿಮಾದಲ್ಲಿ ಕಾಣುವ ಕೆಂಪು ದೀಪ ಪ್ರಿಂಟಿನ ಕಾಗದಕ್ಕೆ ಮಾತ್ರ. ಎಲ್ಲ ಬಣ್ಣದ ಬೆಳಕಿಗೂ ಸ್ಪಂದಿಸುವ ಫಿಲ್ಮು ಅದರಲ್ಲಿ ಕಪ್ಪಾಗುತ್ತದೆ.

ಮಳೆಗಾಲ ಬಂದರೆ ಒಣಗಿಸುವ ಪಾಡು ಬೇರೆ. ಜೆಲಟಿನ್ ಎಂದರೆ ಬೂಸ್ಟಿಗೆ ಹಬ್ಬದೂಟ!

ಈಗ ಆ ರೋಲುಗಳ ನೆಗೆಟಿವ್‌ಗಳನ್ನು ಡಿಜಿಟಲ್ ಮಾಡಬಹುದು. ಹಿಂದಿನಿಂದ ಬೆಳಕು ಬೀರುವ ಸ್ಕ್ಯಾನರಿನಲ್ಲಿ 2400 ಡಿ.ಪಿ.ಐ.ಗೆ ಓದಿಸಿದರೆ ಒಂದು ಚೌಕ ಚಿತ್ರ ಸುಮಾರು 28 ಮೆಗಾಪಿಕ್ಸೆಲ್. ಬಡಗುತಿಟ್ಟು ಯಕ್ಷಗಾನದ ಮುಂಡಾಸಿನ ಕಪ್ಪೂ ಅದರ ಮೇಲಿನ ಜರಿಯ ಮಿಂಚೂ ಎರಡೂ ಉಳಿಯಬೇಕಾದರೆ 16 ಬಿಟ್ಟಿನಲ್ಲಿ ಸ್ಕ್ಯಾನ್ ಮಾಡಬೇಕು. ಗೋಡೆಯ ಫೋಟೋಕ್ಕೆ ಮೊಬೈಲ್ ಹಿಡಿದು ಕ್ಲಿಕ್ಕಿಸಿದರೆ ಸಿಗುವುದು ಗಾಜಿನ ಪ್ರತಿಫಲನ, ಅಷ್ಟೇ.

ಕೇಳುಗರೇ, ಕಪಾಟಿನ ಡಬ್ಬಿಯಲ್ಲಿ ನೆಗೆಟಿವ್ ಇದ್ದರೆ ಒಮ್ಮೆ ತೆರೆದು ನೋಡಿ. ವಿನೆಗರ್ ವಾಸನೆ ಬಂದರೆ ಫಿಲ್ಮಿನ ತಳವೇ ಕೆಡುತ್ತಿದೆ ಎಂದರ್ಥ. ಅವನ್ನೇ ಮೊದಲು ಸ್ಕ್ಯಾನ್ ಮಾಡಿಸಿ. ಬೂಸ್ಟು ಕಂಡರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ. ಸ್ಕ್ಯಾನ್ ಮುಗಿದ ಮೇಲೆ ಪ್ಲಾಸ್ಟಿಕ್ ಬಿಟ್ಟು ಕಾಗದದ ಲಕೋಟೆಗೆ ಹಾಕಿ ಒಣ ಜಾಗದಲ್ಲಿಡಿ. ಎಸೆಯಲು ಮಾತ್ರ ಹೋಗಬೇಡಿ.